ಸೂರಿನ ಕೊಕ್ಕೆಗೆ ತೂಗಿದ ಗಾಳಿ

ಸೀಲಿಂಗ್ ಫ್ಯಾನ್ ಎಂಬ ವಸ್ತು ಕಾರ್ಖಾನೆಯಲ್ಲಿ ಪೂರ್ಣಗೊಳ್ಳುವುದಿಲ್ಲ. ಮೋಟಾರು, ರೆಕ್ಕೆಗಳು, ಕೊಳವೆಯಾಕಾರದ ರಾಡು ಮತ್ತು ಅದರ ಎರಡು ತುದಿಗಳನ್ನು ಮುಚ್ಚುವ ಬಟ್ಟಲುಗಳು ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ಮನೆಗೆ ಬರುತ್ತವೆ. ಅವುಗಳನ್ನು ಜೋಡಿಸಿ, ಸೂರಿಗೆ ತೂಗಿ, ತಂತಿಗೆ ಸೇರಿಸಿ, ಓಲಾಡದೆ ತಿರುಗುವಂತೆ ಮಾಡುವ ಉಳಿದರ್ಧ ಕೆಲಸ ನಡೆಯುವುದು ಏಣಿಯ ಮೇಲೆ ನಿಂತ ಕುಶಲಕರ್ಮಿಯ ಕೈಯಲ್ಲಿ. ಫ್ಯಾನಿನ ಚರಿತ್ರೆಯನ್ನು ಸಾಮಾನ್ಯವಾಗಿ ಮೋಟಾರಿನ ಚರಿತ್ರೆಯಾಗಿ ಬರೆಯುವುದುಂಟು. ಆದರೆ ಹಲವು ಕಿಲೋ ತೂಕದ ಯಂತ್ರವೊಂದು ನೆತ್ತಿಯ ಮೇಲೆ ರಾತ್ರಿಯಿಡೀ ಸುತ್ತುತ್ತಿರುವಾಗ ಅದರ ಕೆಳಗೆ ಹಸುಗೂಸನ್ನು ಮಲಗಿಸುವಷ್ಟು ನಂಬಿಕೆ ಜನರಲ್ಲಿ ಹೇಗೆ ಬೆಳೆಯಿತು ಎಂಬ ಪ್ರಶ್ನೆಗೆ ಉತ್ತರವಿರುವುದು ಮೋಟಾರಿನಲ್ಲಲ್ಲ, ಮನೆಯ ಮಾಡಿನಲ್ಲಿ ಮತ್ತು ಅದಕ್ಕೆ ಫ್ಯಾನನ್ನು ತೂಗಿಸಿದವರ ಕಸುಬಿನಲ್ಲಿ.

ಕೈಯಲ್ಲಿ ಹಿಡಿದು ಬೀಸುವ ಲಾವಂಚದ ಅಥವಾ ತಾಳೆಗರಿಯ ಬೀಸಣಿಗೆಗೆ ಬೇರೆಯವರ ನೆರವು ಬೇಕಿರಲಿಲ್ಲ. ವಸಾಹತು ಕಾಲದ ಬಂಗಲೆ, ಚರ್ಚು ಮತ್ತು ನ್ಯಾಯಾಲಯಗಳಲ್ಲಿ ಬಳಕೆಗೆ ಬಂದ ಪಂಖಾ ಹಾಗಿರಲಿಲ್ಲ. ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿ ತೊಲೆಯಿಂದ ಇಳಿಬಿಟ್ಟ ಅದಕ್ಕೆ ಕಟ್ಟಿದ ಹಗ್ಗ ರಾಟೆಯ ಮೇಲೆ ಹಾದು, ಗೋಡೆಯ ರಂಧ್ರದ ಮೂಲಕ ಜಗಲಿಗೆ ಬರುತ್ತಿತ್ತು, ಮತ್ತು ಆ ತುದಿಯಲ್ಲಿ ಕುಳಿತವನೊಬ್ಬ ಬೇಸಗೆಯ ಹಗಲೂ ಇರುಳೂ ಹಗ್ಗ ಎಳೆಯಬೇಕಾಗಿತ್ತು. ಒಳಗಿನವರಿಗೆ ತಂಪು ಕೊಡುತ್ತಿದ್ದವನು ಅವರ ಕಣ್ಣಿಗೆ ಬೀಳದಂತೆ ಗೋಡೆಯಾಚೆ ಕುಳಿತಿರಬೇಕೆಂಬುದು ಆ ಏರ್ಪಾಟಿನ ಒಳಗೇ ಅಡಗಿದ್ದ ಕ್ರೌರ್ಯ. ತೂಕಡಿಸಿದ್ದಕ್ಕಾಗಿ ಅವನು ಒದೆ ತಿಂದ, ಕೆಲವೊಮ್ಮೆ ಪ್ರಾಣವನ್ನೇ ಕಳೆದುಕೊಂಡ ಪ್ರಕರಣಗಳು ಬ್ರಿಟಿಷ್ ಭಾರತದ ನ್ಯಾಯಾಲಯಗಳ ಕಟಕಟೆಗೂ ಬಂದಿದ್ದವು. ವಿದ್ಯುತ್ ಫ್ಯಾನು ಈ ದುಡಿಮೆಯನ್ನು ಇಲ್ಲವಾಗಿಸಿತು ಎಂಬುದನ್ನು ಅದರ ಎಲ್ಲ ಸಾಧನೆಗಳಿಗಿಂತ ಮೇಲೆ ಇಡಬೇಕು.

ಅಮೆರಿಕದಲ್ಲಿ ಸಿಂಗರ್ ಹೊಲಿಗೆ ಯಂತ್ರಗಳಿಗೆ ವಿದ್ಯುತ್ ಮೋಟಾರನ್ನು ರೂಪಿಸಿದ ಫಿಲಿಪ್ ಡೀಲ್ ಎಂಬ ಜರ್ಮನ್ ಮೂಲದ ತಂತ್ರಜ್ಞ ಅಂಥದ್ದೇ ಮೋಟಾರಿಗೆ ರೆಕ್ಕೆ ಕಟ್ಟಿ ಸೂರಿಗೆ ತೂಗಿಸಿ, 1887ರಲ್ಲಿ ಅದರ ಪೇಟೆಂಟ್ ಪಡೆದ. ಭಾರತದ ಮನೆಗಳಿಗೆ ಈ ಯಂತ್ರ ಬರಬೇಕಾದರೆ ಮೊದಲು ವಿದ್ಯುತ್ತು ಬರಬೇಕಾಗಿತ್ತು. ಕಲ್ಕತ್ತೆಯಲ್ಲಿ 1899ರಲ್ಲಿ ವಿದ್ಯುತ್ ಪೂರೈಕೆ ಆರಂಭವಾಯಿತು; ಮೈಸೂರು ಸಂಸ್ಥಾನದಲ್ಲಿ ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿದು, 1905ರಲ್ಲಿ ಬೆಂಗಳೂರನ್ನು ಬೆಳಗಿತು. ಶಿವನಸಮುದ್ರದ ಆ ಮೊದಲ ಯಂತ್ರಗಳು ಉತ್ಪಾದಿಸುತ್ತಿದ್ದುದು ಸೆಕೆಂಡಿಗೆ 25 ಆವರ್ತನಗಳ ವಿದ್ಯುತ್ತನ್ನು, ಅಂದರೆ ದಿಕ್ಕು ಬದಲಿಸುತ್ತ ಹರಿಯುವ ಪರ್ಯಾಯ ವಿದ್ಯುತ್ತು ಒಂದು ಸೆಕೆಂಡಿನಲ್ಲಿ 25 ಸುತ್ತು ಮುಗಿಸುತ್ತಿತ್ತು. ಇಂದು ದೇಶದೆಲ್ಲೆಡೆ ಇರುವುದು 50. ಪರ್ಯಾಯ ವಿದ್ಯುತ್ತಿನ ಸಾಮಾನ್ಯ ಫ್ಯಾನಿನ ವೇಗ ಈ ಆವರ್ತನವನ್ನೇ ಅವಲಂಬಿಸಿರುವುದರಿಂದ, ಊರಿನ ಕರೆಂಟು ಯಾವ ಬಗೆಯದು ಎಂದು ಅರಿಯದೆ ಫ್ಯಾನು ಕೊಳ್ಳುವಂತಿರಲಿಲ್ಲ. ಕಲ್ಕತ್ತೆಯ ಆರಂಭದ ಫ್ಯಾನುಗಳು ಒಂದೇ ದಿಕ್ಕಿಗೆ ಹರಿಯುವ ನೇರ ವಿದ್ಯುತ್ತಿನಲ್ಲಿ ತಿರುಗುತ್ತಿದ್ದವು ಮತ್ತು ಅವುಗಳ ಒಳಗಿನ ಇಂಗಾಲದ ತುಂಡುಗಳು ಸವೆದಾಗಲೆಲ್ಲ ಬದಲಿಸಬೇಕಾಗಿತ್ತು. ಹೀಗಾಗಿ, ಇಂಥ ಸಂಗತಿಗಳನ್ನು ಬಲ್ಲ ಹೊಸ ಕಸುಬಿನವನೊಬ್ಬ ಹುಟ್ಟಲೇಬೇಕಾಯಿತು.

ಅವನೇ ವೈರ್‌ಮನ್. ಆಡುಮಾತಿನಲ್ಲಿ ‘ಕರೆಂಟಿನವರು’ ಎಂದು ಎಲ್ಲರನ್ನೂ ಒಟ್ಟಾಗಿ ಕರೆದರೂ, ಕಂಬದಿಂದ ಮೀಟರಿನವರೆಗಿನ ಕೆಲಸ ವಿದ್ಯುತ್ ಪೂರೈಸುವ ಸಂಸ್ಥೆಯ ಲೈನ್‌ಮನ್‌ಗೆ ಸೇರಿದ್ದು, ಮೀಟರಿನಿಂದ ಒಳಗಿನದು ಮನೆಯವರು ಕರೆಸಿಕೊಳ್ಳುವ ವೈರ್‌ಮನ್ನನದು. ಮರದ ತೋಡಿನಲ್ಲಿ ತಂತಿಯನ್ನು ಹುದುಗಿಸಿ ಮೇಲೆ ಮರದ ಪಟ್ಟಿ ಮುಚ್ಚುವ ಕೇಸಿಂಗ್-ಕ್ಯಾಪಿಂಗ್ ಪದ್ಧತಿ, ಆಮೇಲೆ ತೇಗದ ಪಟ್ಟಿಯ ಮೇಲೆ ಸಣ್ಣ ತಗಡಿನ ಕ್ಲಿಪ್ಪುಗಳಿಂದ ತಂತಿ ಬಿಗಿಯುವ ಬ್ಯಾಟನ್ ವೈರಿಂಗ್, ಕೊನೆಗೆ ಗೋಡೆಯೊಳಗೆ ಪೈಪು ಹುಗಿಯುವ ಕನ್ಸೀಲ್ಡ್ ವೈರಿಂಗ್ ಎಂದು ಮನೆಯ ವೈರಿಂಗು ಮೂರು ರೂಪಗಳನ್ನು ದಾಟಿ ಬಂದಿದೆ. ಮೊದಲ ಎರಡರಲ್ಲಿ ಬಡಗಿಯ ಕೈಚಳಕ ಬೇಕಿದ್ದರೆ, ಮೂರನೆಯದರಲ್ಲಿ ಗಾರೆಯವರೊಡನೆ ಹೊಂದಿಕೊಂಡು ಹೋಗುವ ಜಾಣ್ಮೆ ಬೇಕಾಗುತ್ತದೆ.

ಆದರೆ ಫ್ಯಾನಿನ ಮಟ್ಟಿಗೆ ವೈರ್‌ಮನ್ನನ ನಿಜವಾದ ಪರೀಕ್ಷೆ ನಡೆದದ್ದು ಮಾಡಿನ ಕೆಳಗೆ. ಕರ್ನಾಟಕದ ಮನೆಗಳ ಸೂರು ಒಂದೇ ಬಗೆಯದಲ್ಲ, ಮತ್ತು ಅವುಗಳಲ್ಲಿ ಯಾವುದನ್ನೂ ತಿರುಗುವ ಯಂತ್ರವೊಂದು ತೂಗಲಿದೆ ಎಂದು ಎಣಿಸಿ ಕಟ್ಟಿರಲಿಲ್ಲ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿ, ಮಲೆನಾಡುಗಳಲ್ಲಿ ಹಬ್ಬಿದ ಹಂಚಿನ ಮನೆಗಳಲ್ಲಿ ಇಳಿಜಾರು ಮಾಡು ಎತ್ತರದಲ್ಲಿರುವುದರಿಂದ ಅಡ್ಡತೊಲೆಗೆ ಕಬ್ಬಿಣದ ಕ್ಲ್ಯಾಂಪು ತೊಡಿಸಿ, ಅದಕ್ಕೆ ಉದ್ದನೆಯ ರಾಡಿನಿಂದ ಫ್ಯಾನನ್ನು ಇಳಿಬಿಡಬೇಕಾಗುತ್ತದೆ. ರಾಡು ಉದ್ದವಾದಷ್ಟೂ ತುದಿಯ ಓಲಾಟವೂ ಹೆಚ್ಚು. ಒತ್ತೊತ್ತಾಗಿ ಜೋಡಿಸಿದ ಮರದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ನಿಲ್ಲಿಸಿ ಸುಣ್ಣದ ಗಾರೆ ಹಾಕಿದ ಮದ್ರಾಸ್ ತಾರಸಿಯಲ್ಲಿ ಇಟ್ಟಿಗೆಯನ್ನು ಮುಟ್ಟದೆ ತೊಲೆಯೊಂದನ್ನೇ ಹಿಡಿಯಬೇಕು. ಬಯಲುಸೀಮೆಯ ಕಲ್ಲುಚಪ್ಪಡಿಯ ಸೂರಿಗೆ ಕೊಕ್ಕೆ ಹಾಕುವುದು ಸುಲಭವಲ್ಲದ್ದರಿಂದ ಎರಡು ಗೋಡೆಗಳ ನಡುವೆ ಕಬ್ಬಿಣದ ಪೈಪನ್ನು ಅಡ್ಡಹಾಯಿಸಿ ಅದಕ್ಕೆ ಫ್ಯಾನು ತೂಗಿಸುವ ಉಪಾಯವಿದೆ. ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆ ಮನೆಗಳು ತಮ್ಮ ದಪ್ಪ ಗೋಡೆಗಳಿಂದಲೇ ಸೆಕೆಯನ್ನು ತಡೆಯುತ್ತಿದ್ದವು. ಅಲ್ಲಿಯೂ ಫ್ಯಾನು ಬಂದಾಗ ಭಾರವನ್ನು ಹೊತ್ತದ್ದು ಮನೆಯ ಹಳೆಯ ಜಂತಿಗಳೇ. ಯಾವ ಮರ ಗಟ್ಟಿ, ಯಾವುದನ್ನು ಗೆದ್ದಲು ತಿಂದಿದೆ ಎಂದು ತಟ್ಟಿ ನೋಡಿ ಹೇಳುವ ವೈರ್‌ಮನ್ನನ ಜ್ಞಾನ ಯಾವ ಕೈಪಿಡಿಯಿಂದಲೂ ಬಂದದ್ದಲ್ಲ. ಅದನ್ನು ಬರೆದಿಟ್ಟವರು ವಿರಳ ಎಂಬುದು ಕನ್ನಡದ ತಾಂತ್ರಿಕ ಸಾಹಿತ್ಯಕ್ಕೆ ಆಗಿರುವ ನಷ್ಟವೇ ಸರಿ.

ಕಾನೂನು ಈ ಕಸುಬನ್ನು ಗುರುತಿಸಿದ ಬಗೆಯೂ ಗಮನಾರ್ಹ. 1956ರ ಭಾರತೀಯ ವಿದ್ಯುತ್ ನಿಯಮಗಳ 45ನೆಯ ನಿಯಮದಂತೆ, ಕಟ್ಟಡದ ವಿದ್ಯುತ್ ಕೆಲಸವನ್ನು ಪರವಾನಗಿ ಪಡೆದ ಗುತ್ತಿಗೆದಾರರೇ ಮಾಡಿಸಬೇಕಾಗಿತ್ತು. ಆದರೆ ವ್ಯವಸ್ಥೆಯ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬದಲಾಗದಿದ್ದರೆ ದೀಪ, ಫ್ಯಾನು, ಫ್ಯೂಸು, ಸ್ವಿಚ್ಚುಗಳ ಬದಲಾವಣೆಗೆ ಈ ಕಟ್ಟುಪಾಡಿರಲಿಲ್ಲ. 2010ರ ಸುರಕ್ಷತಾ ನಿಯಮಾವಳಿಯೂ ಈ ವಿನಾಯಿತಿಯನ್ನು ಉಳಿಸಿಕೊಂಡಿತು. ಅಂದರೆ ಹೊಸದಾಗಿ ತಂತಿ ಎಳೆದು ಫ್ಯಾನಿನ ಪಾಯಿಂಟು ಮಾಡಿಸಲು ಪರವಾನಗಿಯವರು ಬೇಕು, ಹಳೆಯ ಫ್ಯಾನು ಇಳಿಸಿ ಹೊಸತನ್ನು ಅದೇ ಜಾಗದಲ್ಲಿ ಏರಿಸುವುದಕ್ಕೆ ಬೇಡ. ಕಾನೂನು ಬೇಡವೆಂದ ಕಡೆಯಲ್ಲೂ ಮನೆಯವರು ವೈರ್‌ಮನ್ನನನ್ನೇ ಕರೆಯುತ್ತಾರೆ ಎಂಬುದು ಆ ಕಸುಬಿಗೆ ಸಮಾಜ ಕೊಟ್ಟ ಮನ್ನಣೆ. ಕರ್ನಾಟಕದಲ್ಲಿ ಪರವಾನಗಿ ಮತ್ತು ವೈರ್‌ಮನ್ ಪರ್ಮಿಟ್ಟುಗಳನ್ನು ವಿದ್ಯುತ್ ಪರಿವೀಕ್ಷಣಾಲಯ ಇಲಾಖೆ ನೋಡಿಕೊಳ್ಳುತ್ತದೆ. ದೇಶದಲ್ಲಿ 1950ರಲ್ಲಿ ಆರಂಭವಾದ ಕುಶಲಕರ್ಮಿ ತರಬೇತಿ ಯೋಜನೆಯಡಿ ಐ.ಟಿ.ಐ.ಗಳು ಎಲೆಕ್ಟ್ರಿಷಿಯನ್ ಮತ್ತು ವೈರ್‌ಮನ್ ಎಂಬ ಎರಡು ವರ್ಷಗಳ ಪ್ರತ್ಯೇಕ ಕಲಿಕೆಗಳನ್ನು ನಡೆಸುತ್ತ ಬಂದಿವೆ.

ಏಣಿಯ ಮೇಲೆ ನಡೆಯುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಈ ಮನ್ನಣೆಯ ಕಾರಣ ತಿಳಿಯುತ್ತದೆ. ಮೇನ್ ಸ್ವಿಚ್ ಆರಿಸಿದ ಮೇಲೂ ವೈರ್‌ಮನ್ ತಂತಿಗೆ ಟೆಸ್ಟರ್ ಮುಟ್ಟಿಸಿ, ಅದರೊಳಗಿನ ಪುಟ್ಟ ನಿಯಾನ್ ದೀಪ ಹೊತ್ತುವುದಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾನೆ. ವಿದ್ಯುತ್ತನ್ನು ತರುವ ಫೇಸ್ ತಂತಿಯ ಬದಲು ಅದನ್ನು ಹಿಂದಿರುಗಿಸುವ ನ್ಯೂಟ್ರಲ್ ತಂತಿಗೆ ಯಾರೋ ಹಿಂದೆ ಸ್ವಿಚ್ಚು ಹಾಕಿದ್ದರೆ, ಸ್ವಿಚ್ಚು ಆರಿಸಿ ಫ್ಯಾನು ನಿಂತರೂ ಅದರ ತಂತಿಯಲ್ಲಿ ಪ್ರಾಣ ತೆಗೆಯುವ ಶಕ್ತಿ ಉಳಿದಿರುತ್ತದೆ ಎಂಬುದನ್ನು ಬಲ್ಲವನು ಮಾತ್ರ ಈ ಎಚ್ಚರ ವಹಿಸುತ್ತಾನೆ. ಕೊಕ್ಕೆ ಮತ್ತು ಫ್ಯಾನಿನ ನಡುವೆ ರಬ್ಬರ್ ಬುಶ್ ಕೂರುತ್ತದೆ. ಅದರ ಮೂಲಕ ತೂರಿಸಿದ ಬೋಲ್ಟಿಗೆ ನಟ್ಟು ಬಿಗಿದು, ಬೋಲ್ಟಿನ ತುದಿಯ ರಂಧ್ರದಲ್ಲಿ ಸ್ಪ್ಲಿಟ್ ಪಿನ್ ಎಂಬ ಇಕ್ಕಾಲಿನ ಮೊಳೆ ತೂರಿಸಿ, ಅದರ ಎರಡು ಕಾಲುಗಳನ್ನು ಅತ್ತಿತ್ತ ಬಾಗಿಸಲಾಗುತ್ತದೆ. ವರ್ಷಗಟ್ಟಲೆಯ ಕಂಪನದಿಂದ ನಟ್ಟು ಸಡಿಲವಾದರೂ ಬೋಲ್ಟು ಜಾರಿಬೀಳದಂತೆ ತಡೆಯುವುದು ಹೆಬ್ಬೆರಳಿಗಿಂತ ಚಿಕ್ಕದಾದ ಈ ಪಿನ್ನು. ರೆಕ್ಕೆಗಳನ್ನು ಕಾರ್ಖಾನೆಯಲ್ಲೇ ತೂಕ ಸರಿಹೊಂದಿಸಿ ಒಂದು ಜೊತೆಯಾಗಿ ಕಳಿಸಿರುವುದರಿಂದ ಒಂದು ಫ್ಯಾನಿನ ರೆಕ್ಕೆಯನ್ನು ಇನ್ನೊಂದಕ್ಕೆ ಹಾಕಲಾಗದು. ರೆಕ್ಕೆಗಳ ಮೇಲೆ ಗಾಳಿ ಎಳೆದುಕೊಳ್ಳಲು ಸೂರಿನಿಂದ 30 ಸೆಂಟಿಮೀಟರಾದರೂ ಅಂತರ ಬೇಕು. ಕೆಳಗೆ, ಎತ್ತಿದ ಕೈಗೆ ಎಟುಕದಂತಿರಬೇಕು.

ಮೋಟಾರಿನ ಎರಡು ಸುರುಳಿಗಳಲ್ಲಿ ಒಂದಕ್ಕೆ ವಿದ್ಯುತ್ತು ತುಸು ಮುಂಚೆ ತಲುಪುವಂತೆ ಮಾಡಿ ತಿರುಗುವಿಕೆಯನ್ನು ಆರಂಭಿಸಿಕೊಡುವ ಬಿಡಿಭಾಗವೇ ಕಂಡೆನ್ಸರ್. ಅದು ದುರ್ಬಲವಾದಾಗ ಫ್ಯಾನು ಗುಂಯ್‌ಗುಡುತ್ತ ನಿಂತುಬಿಡುತ್ತದೆ, ಕೋಲಿನಿಂದ ರೆಕ್ಕೆಯನ್ನು ತಳ್ಳಿದರೆ ನಿಧಾನವಾಗಿ ತಿರುಗತೊಡಗುತ್ತದೆ. ಅದನ್ನು ತಪ್ಪು ಸುರುಳಿಗೆ ಜೋಡಿಸಿದರೆ ಫ್ಯಾನು ಹಿಮ್ಮುಖವಾಗಿ ಸುತ್ತಿ, ಕೆಳಗಿನವರಿಗೆ ಗಾಳಿಯೇ ಬೀಳುವುದಿಲ್ಲ. ಈಚಿನ ಬಿ.ಎಲ್.ಡಿ.ಸಿ. ಫ್ಯಾನುಗಳಲ್ಲಿ ಕಂಡೆನ್ಸರಿನ ಕೆಲಸವನ್ನು ಕಾಯಂ ಅಯಸ್ಕಾಂತ ಮತ್ತು ಇಲೆಕ್ಟ್ರಾನಿಕ್ ಫಲಕ ವಹಿಸಿಕೊಂಡಿವೆ. ಸುಮಾರು 75 ವ್ಯಾಟ್ ಬೇಡುತ್ತಿದ್ದ ಜಾಗದಲ್ಲಿ 30ರ ಆಸುಪಾಸಿನ ವ್ಯಾಟ್ ಸಾಕೆನ್ನುವ ಇವು, ಫ್ಯಾನುಗಳಿಗೆ ವಿದ್ಯುತ್ ಉಳಿತಾಯದ ನಕ್ಷತ್ರ ಗುರುತು 2023ರ ಜನವರಿಯಿಂದ ಕಡ್ಡಾಯವಾದ ಬಳಿಕ ಅಂಗಡಿಗಳಲ್ಲಿ ಹೆಚ್ಚು ಕಾಣುತ್ತಿವೆ. ವೇಗ ಬದಲಿಸಲು ರಿಮೋಟ್ ಇರುವ ಇಂಥ ಫ್ಯಾನಿಗೆ ಗೋಡೆಯ ಹಳೆಯ ರೆಗ್ಯುಲೇಟರ್ ಹೊಂದದ ಕಾರಣ ಅದನ್ನು ಕಳಚಿ ನೇರವಾಗಿ ತಂತಿ ಸೇರಿಸುವುದು ವೈರ್‌ಮನ್ನನ ಪಟ್ಟಿಗೆ ಸೇರಿದ ಹೊಸ ಕೆಲಸ.

ಆರ್‌ಸಿಸಿ ಮನೆಗಳಲ್ಲಿ ಈ ಕೆಲಸ ಫ್ಯಾನು ಕೊಳ್ಳುವುದಕ್ಕೆ ಬಹಳ ಮೊದಲೇ ಶುರುವಾಗುತ್ತದೆ. ಮೋಲ್ಡ್ ಹಾಕುವುದಕ್ಕೆ, ಅಂದರೆ ಸೂರಿಗೆ ಕಾಂಕ್ರೀಟು ಸುರಿಯುವುದಕ್ಕೆ ಮುಂಚೆ, ಕಂಬಿ ಕಟ್ಟುವವರು ಸೆಂಟ್ರಿಂಗ್ ಹಲಗೆಗಳ ಮೇಲೆ ಜಾಲರಿ ಹೆಣೆದು ಇಳಿದ ನಂತರ ವೈರ್‌ಮನ್ ಮೇಲೇರುತ್ತಾನೆ. ಇನ್ನೂ ಗೋಡೆಗಳಷ್ಟೇ ಇರುವ ಕೋಣೆಯ ಮಧ್ಯವನ್ನು ಅಳೆದು ಗುರುತಿಸಿ, ಅಲ್ಲಿ ಫ್ಯಾನ್ ಬಾಕ್ಸ್ ಎಂಬ ಕಬ್ಬಿಣದ ಡಬ್ಬಿಯನ್ನು ಬೋರಲಾಗಿ ಇಟ್ಟು, ಅದರ ಕೊಕ್ಕೆಯ ಸರಳನ್ನು ಸೂರಿನ ಕಂಬಿಗಳಿಗೆ ಬೈಂಡಿಂಗ್ ತಂತಿಯಿಂದ ಬಿಗಿದು, ಪೈಪು ಜೋಡಿಸಿ, ಸಿಮೆಂಟಿನ ಹಾಲು ಒಳಗಿಳಿಯದಂತೆ ಡಬ್ಬಿಗೆ ಕಾಗದ ತುರುಕುತ್ತಾನೆ. ಮರುದಿನ ಕಾಂಕ್ರೀಟು ಅದನ್ನು ಮುಚ್ಚುತ್ತದೆ. ಹಲಗೆ ಬಿಚ್ಚಿ, ಗಾರೆ ಬಳಿದು, ಬಣ್ಣ ಹಚ್ಚುವಷ್ಟರಲ್ಲಿ ತಿಂಗಳುಗಳು ಕಳೆಯುತ್ತವೆ. ಗೃಹಪ್ರವೇಶದ ಮುನ್ನಾದಿನ ಅವನು ಏಣಿ ಹಾಕಿ, ಆ ಡಬ್ಬಿಯ ಒಳಗಿಂದ ಒಣಗಿದ ಕಾಗದವನ್ನು ಕಿತ್ತೆಸೆದು, ಕೊಕ್ಕೆಗೆ ಎರಡೂ ಕೈ ಹಾಕಿ ತನ್ನ ಭಾರವನ್ನೆಲ್ಲ ಬಿಟ್ಟು ಒಮ್ಮೆ ಜೋತಾಡಿ ನೋಡುತ್ತಾನೆ.