ಹೂ ಮುಡಿಸುವ ಮೊದಲೇ ಬೇಕು ಗರ್ಭಿಣಿಯ ಆರೈಕೆ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳ ಅನೇಕ ಮನೆಗಳಲ್ಲಿ ಸೊಸೆ ಗರ್ಭಿಣಿ ಎಂಬ ಸುದ್ದಿ ಮೂರು ತಿಂಗಳು ತುಂಬುವವರೆಗೆ ಹೊರಗೆ ಬರುವುದಿಲ್ಲ. ಏಳನೆಯ ತಿಂಗಳಲ್ಲಿ ಹೂ ಮುಡಿಸಿ, ಬಯಕೆಯ ಊಟ ಬಡಿಸಿ, ತವರಿಗೆ ಕಳುಹಿಸಿದ ಮೇಲೆಯೇ ನಿಜವಾದ ಉಪಚಾರ ಆರಂಭವಾಗುತ್ತದೆ. ಅಲ್ಲಿಯವರೆಗೆ ಅಡಿಕೆ ಸುಲಿತ, ಸೌದೆ, ನೀರು, ಕೊಟ್ಟಿಗೆ ಎಲ್ಲವೂ ಎಂದಿನಂತೆ. ಇದು ಪ್ರೀತಿಯ ಕೊರತೆಯಲ್ಲ. ಹೊಟ್ಟೆ ಕಾಣಿಸಿದ ಮೇಲೆ ಮಗು ಬೆಳೆಯುತ್ತದೆ ಎಂಬ ಹಳೆಯ ಭಾವನೆ, ಅಷ್ಟೇ. ಮಗುವಿನ ಲೆಕ್ಕ ಮಾತ್ರ ಬೇರೆಯೇ ಇದೆ.

ಗರ್ಭ ನಿಂತು ಸುಮಾರು 28 ದಿನಗಳೊಳಗೆ ಮಗುವಿನ ಮೆದುಳು ಮತ್ತು ಬೆನ್ನುಹುರಿಯಾಗುವ ನಾಳ ಮುಚ್ಚಿಕೊಳ್ಳುತ್ತದೆ. ಅದು ಸರಿಯಾಗಿ ಮುಚ್ಚಲು ಫೋಲಿಕ್ ಆಮ್ಲ ಬೇಕು. ಆ ಹೊತ್ತಿಗೆ ಎಷ್ಟೋ ತಾಯಂದಿರಿಗೆ ತಾವು ಗರ್ಭಿಣಿ ಎಂಬುದೇ ಗೊತ್ತಿರುವುದಿಲ್ಲ. ಮೂರು ತಿಂಗಳು ತುಂಬುವಷ್ಟರಲ್ಲಿ ಮಗುವಿನ ಮುಖ್ಯ ಅಂಗಗಳೆಲ್ಲ ರೂಪುಗೊಂಡಿರುತ್ತವೆ. ಆದ್ದರಿಂದ ಮದುವೆಯಾದ ಹೆಣ್ಣುಮಗಳ ತೂಕ ಮತ್ತು ರಕ್ತ ಗರ್ಭ ಧರಿಸುವ ಮೊದಲೇ ಸರಿಯಾಗಿರಬೇಕು ಎಂದು ವೈದ್ಯರು ಹೇಳುತ್ತಾರೆ.

ರಕ್ತದ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ. ಗರ್ಭಿಣಿಯ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ, 7ಕ್ಕಿಂತ ಕಡಿಮೆಯಿದ್ದರೆ ಅಪಾಯದ ಸ್ಥಿತಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಶೇ. 45ಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆಯಿತ್ತು. ಅದೇ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಈ ಎರಡು ಅಂಕಿಗಳಿಗೆ ಸಂಬಂಧವಿದೆ. ಮಗು ತನ್ನ ಮೊದಲ ಆರು ತಿಂಗಳಿಗೆ ಬೇಕಾದ ಕಬ್ಬಿಣಾಂಶವನ್ನು ಹೆಚ್ಚಾಗಿ ಗರ್ಭದ ಕೊನೆಯ ಮೂರು ತಿಂಗಳಲ್ಲಿ ತಾಯಿಯಿಂದ ಕೂಡಿಟ್ಟುಕೊಳ್ಳುತ್ತದೆ. ಎದೆಹಾಲು ಎಲ್ಲ ರೀತಿಯಲ್ಲೂ ಶ್ರೇಷ್ಠ, ಆದರೆ ಅದರಲ್ಲಿ ಕಬ್ಬಿಣಾಂಶ ಬಹಳ ಕಡಿಮೆ. ತಾಯಿಯಲ್ಲೇ ಇಲ್ಲದಿದ್ದರೆ, ಅಥವಾ ಮಗು ತಿಂಗಳು ತುಂಬುವ ಮೊದಲೇ ಹುಟ್ಟಿದರೆ, ಮಗುವಿನ ಕಣಜ ಬೇಗ ಬರಿದಾಗುತ್ತದೆ. ಮೆದುಳು ವೇಗವಾಗಿ ಬೆಳೆಯುವ ಕಾಲವೂ ಅದೇ.

ಹುಟ್ಟುವಾಗ ಮಗು ಎರಡೂವರೆ ಕಿಲೋಗಿಂತ ಕಡಿಮೆ ತೂಗಿದರೆ "ಆಮೇಲೆ ತುಂಬಿಕೊಳ್ಳುತ್ತದೆ ಬಿಡಿ" ಎಂದು ಹಿರಿಯರು ಸಮಾಧಾನ ಹೇಳುವುದುಂಟು. ಕೆಲವು ಮಕ್ಕಳು ತುಂಬಿಕೊಳ್ಳುತ್ತವೆ, ಎಲ್ಲವೂ ಅಲ್ಲ. ನಮ್ಮ ರಾಜ್ಯದಲ್ಲೇ ಇದಕ್ಕೆ ಸಾಕ್ಷಿಯಿದೆ. ಜನರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಡಲಾಗಿತ್ತು. 1934 ಮತ್ತು 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಹೃದ್ರೋಗ ಹೆಚ್ಚಾಗಿ ಕಂಡಿತು. ತಾಯಿಯ ತೂಕವೂ ಕಡಿಮೆಯಿದ್ದ ಕಡೆ ಇನ್ನೂ ಹೆಚ್ಚು. ಗರ್ಭದಲ್ಲಿ ಬಿದ್ದ ಕೊರತೆ ಐವತ್ತು ವರ್ಷದ ನಂತರವೂ ಕಾಣಿಸಿಕೊಂಡಿತು.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ಮಲೆನಾಡಿನ ಹಿತ್ತಿಲಿನಲ್ಲಿ ಹರಿವೆ, ಬಸಳೆ, ನುಗ್ಗೆಸೊಪ್ಪಿಗೆ ಬರವಿಲ್ಲ. ಹುರುಳಿ, ಮೊಟ್ಟೆ, ಮೀನು ಊಟದಲ್ಲಿರಲಿ. ಊಟದೊಂದಿಗೆ ನಿಂಬೆ ಅಥವಾ ನೆಲ್ಲಿಕಾಯಿ ಸೇರಿದರೆ ಸೊಪ್ಪಿನ ಕಬ್ಬಿಣಾಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟವಾದ ಕೂಡಲೇ ಕುಡಿಯುವ ಚಹಾ, ಕಾಫಿ ಅದನ್ನು ತಡೆಯುತ್ತವೆ. ಕಬ್ಬಿಣದ ಮಾತ್ರೆಯನ್ನು ಕ್ಯಾಲ್ಸಿಯಂ ಮಾತ್ರೆಯ ಜೊತೆಗೆ ನುಂಗಬಾರದು. ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ, ಹೆದರಿ ನಿಲ್ಲಿಸಬೇಕಿಲ್ಲ. ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆ ಎಂಬುದು ಸುಳ್ಳು.

ಇನ್ನು ಕವಳ. ಅಡಿಕೆ ಬೆಳೆಯುವ ನಾಡಿನಲ್ಲಿ ಇದನ್ನು ಬರೆಯುವುದು ಕಷ್ಟ, ಆದರೂ ಬರೆಯಲೇಬೇಕು. ಮುಂಬಯಿಯಲ್ಲಿ 1217 ಗರ್ಭಿಣಿಯರನ್ನು ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹೊಗೆಯಿಲ್ಲದ ತಂಬಾಕು ಬಳಸುತ್ತಿದ್ದ ತಾಯಂದಿರ ಮಕ್ಕಳ ತೂಕ ಸರಾಸರಿ 105 ಗ್ರಾಂ ಕಡಿಮೆಯಿತ್ತು, ಅವಧಿಗೆ ಮುನ್ನ ಹೆರಿಗೆಯೂ ಹೆಚ್ಚಿತ್ತು. ಗರ್ಭಿಣಿ ಎಂದು ತಿಳಿದ ದಿನವೇ ಹೊಗೆಸೊಪ್ಪು ಬಿಡಬೇಕು. ಅಡಿಕೆಯನ್ನೂ ಬಿಟ್ಟರೆ ಒಳ್ಳೆಯದು.

2017ರ ಅಕ್ಟೋಬರ್ 2ರಂದು ರಾಜ್ಯದಾದ್ಯಂತ ಆರಂಭವಾದ ಮಾತೃಪೂರ್ಣ ಯೋಜನೆಯು ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲೇ ಬಿಸಿಯೂಟ ಕೊಡುವ ಒಳ್ಳೆಯ ಯೋಚನೆಯಾಗಿತ್ತು. ಆದರೆ ಬಯಲುಸೀಮೆಯಂತೆ ನಮ್ಮಲ್ಲಿ ಮನೆಗಳು ಒತ್ತೊತ್ತಾಗಿಲ್ಲ. ಗುಡ್ಡದ ಒಂಟಿ ಮನೆಯ ಗರ್ಭಿಣಿ ಆಷಾಢದ ಮಳೆಯಲ್ಲಿ ಹಳ್ಳ ದಾಟಿ ದಿನವೂ ಊಟಕ್ಕೆ ಬರಬೇಕೆನ್ನುವುದು ಪ್ರಾಯೋಗಿಕವಲ್ಲ. ಶರಾವತಿ ಹಿನ್ನೀರಿನ ತುಮರಿ ಭಾಗದವರು 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯುವವರೆಗೆ ಸಾಗರದ ಆಸ್ಪತ್ರೆಗೆ ಲಾಂಚ್ ನಂಬಿಯೇ ಬರಬೇಕಿತ್ತು. ಈಗ ಆ ದಾರಿ ಹತ್ತಿರವಾಗಿದೆ. ಉಳಿದ ಒಂಟಿ ಮನೆಗಳ ದಾರಿ ಹಾಗೆಯೇ ಇದೆ.

ಇಂಥ ಕಡೆ ವಾಳೆಯ ಗುರಿಕಾರರು, ಸ್ತ್ರೀ ಸಂಘಟನೆಯ ಸದಸ್ಯೆಯರು ಉಪಯೋಗಕ್ಕೆ ಬರುತ್ತಾರೆ. ಮನೆ ಭೇಟಿಯಲ್ಲಿ ಹೊಸದಾಗಿ ಮದುವೆಯಾದವರಿಗೆ ಆಶಾ ಕಾರ್ಯಕರ್ತೆಯ ಪರಿಚಯ ಮಾಡಿಸಬಹುದು. ಮೂರು ತಿಂಗಳೊಳಗೆ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಪಡೆಯಲು ನೆರವಾಗಬಹುದು. ಗುಟ್ಟಾಗಿಡಬೇಕೆನ್ನುವ ಅತ್ತೆಯಂದಿರಿಗೆ, ಊರಿಗೆ ಹೇಳದಿದ್ದರೂ ಆಶಾಳಿಗೆ ಹೇಳಿ ಎಂದರೆ ಸಾಕು.

ಇನ್ನೊಂದು ಮಾತು ತವರಿಗೆ ಹೋಗುವ ಹೊತ್ತಿನದು. ಗಂಡನ ಮನೆಯ ಕಡೆ ನಡೆಯುತ್ತಿದ್ದ ತಪಾಸಣೆ ಏಳನೆಯ ತಿಂಗಳಲ್ಲಿ ನಿಂತು, ತವರಿನ ಕಡೆ ಆರಂಭವಾಗದೇ ಉಳಿಯುವುದುಂಟು. ಮಗು ತೂಕ ಕಟ್ಟುವ ಕಾಲವೇ ಅದು. ಹೂ ಮುಡಿಸಿ ಕಳುಹಿಸುವಾಗ ಸೀರೆ, ಬಳೆಗಳೊಂದಿಗೆ ತಾಯಿ ಕಾರ್ಡ್ ಮತ್ತು ಉಳಿದ ಮಾತ್ರೆಗಳೂ ಚೀಲದಲ್ಲಿರಲಿ. ತವರು ಸೇರಿದ ವಾರದೊಳಗೆ ಅಲ್ಲಿನ ಆಶಾ ಕಾರ್ಯಕರ್ತೆಗೆ ಕಾರ್ಡ್ ತೋರಿಸಿ, ಮುಂದಿನ ತಪಾಸಣೆಯ ದಿನ ಕೇಳಿಕೊಳ್ಳಬೇಕು.