ಎರಡು ಔಟ್ ಆದ ಮೇಲೆ ಬಂದ ರನ್ ಯಾರ ತಲೆಗೆ?

ಕ್ರಿಕೆಟ್‌ನಲ್ಲಿ ಸ್ಲಿಪ್‌ನಲ್ಲಿ ನಿಂತವನು ಸುಲಭದ ಕ್ಯಾಚ್ ಬಿಟ್ಟ ಅಂತಿಟ್ಟುಕೊಳ್ಳಿ. ಬಚಾವಾದ ಬ್ಯಾಟರ್ ಆಮೇಲೆ 80 ರನ್ ಬಾರಿಸಿದರೆ ಅಷ್ಟೂ ಬೌಲರ್‌ಗಳ ಲೆಕ್ಕಕ್ಕೇ ಹೋಗುತ್ತೆ. ಕ್ಯಾಚ್ ಬಿಟ್ಟವನ ಹೆಸರಿನ ಮುಂದೆ ಸ್ಕೋರ್‌ಕಾರ್ಡ್‌ನಲ್ಲಿ ಏನೂ ಇರಲ್ಲ. ಇದನ್ನೇ ನೋಡುತ್ತಾ ಬೆಳೆದ ನನಗೆ ಬೇಸ್‌ಬಾಲ್‌ನ ಲೆಕ್ಕ ಮೊದಮೊದಲು ಭಾರೀ ನ್ಯಾಯವಾಗಿ ಕಂಡಿತ್ತು. ಅಲ್ಲಿ ಫೀಲ್ಡರ್ ಎಡವಟ್ಟು ಮಾಡಿದರೆ 'ಎರರ್' ಅಂತ ಅವನ ಹೆಸರಲ್ಲೇ ಬರೀತಾರೆ. ಅದರಿಂದ ಬಂದ ರನ್ನನ್ನು ಚೆಂಡೆಸೆದ ಪಿಚರ್‌ನ ಖಾತೆಯಲ್ಲಿ ಬೇರೆಯಾಗಿ ಇಡ್ತಾರೆ. ಉಳಿದದ್ದು 'ಅರ್ನ್ಡ್ ರನ್', ಅಂದರೆ ಪಿಚರ್ ತಾನೇ ತಂದುಕೊಂಡಿದ್ದು. ಅದನ್ನು ಒಂಬತ್ತರಿಂದ ಗುಣಿಸಿ, ಅವನು ಎಸೆದ ಇನಿಂಗ್ಸ್‌ಗಳಿಂದ ಭಾಗಿಸಿದರೆ ಇಆರ್‌ಎ. ಪಿಚರ್‌ನ ಹಣೆಪಟ್ಟಿ ಅದೇ.

ಈ ನ್ಯಾಯ ಎಡವೋದು ಎರಡು ಔಟ್ ಆದ ಮೇಲೆ.

ಮೂರು ಔಟ್ ಆದರೆ ಇನಿಂಗ್ಸ್ ಮುಗೀತು. ಎರಡು ಔಟ್ ಆಗಿದೆ, ಮೂರನೆಯದು ಕೈಗೆ ಬಂದಿತ್ತು, ಫೀಲ್ಡರ್ ಬಿಟ್ಟ. ಆಗ ಇನಿಂಗ್ಸ್ ಅಲ್ಲಿಗೇ ಮುಗಿದಿತ್ತು ಅಂತ ಪುಸ್ತಕ ಭಾವಿಸಿಕೊಳ್ಳುತ್ತೆ. ಆಮೇಲೆ ಅದೇ ಪಿಚರ್ ಸಾಲಾಗಿ ಮೂರು ಹೋಮ್ ರನ್ ಹೊಡೆಸಿಕೊಂಡರೂ ಇಆರ್‌ಎಗೆ ಒಂದು ಗೀರೂ ಬೀಳಲ್ಲ! ಹೋಮ್ ರನ್ ಹೊಡೆಸಿಕೊಂಡಿದ್ದು ಫೀಲ್ಡರ್ ಅಲ್ಲವಲ್ಲ? ಇನ್ನೊಂದು ವಿಷಯ: ಅದು ಎರರ್ ಹೌದೋ ಅಲ್ಲವೋ ಅಂತ ತೀರ್ಮಾನಿಸೋದು ಅಧಿಕೃತ ಸ್ಕೋರರ್ ಅನ್ನೋ ಒಬ್ಬ ಮನುಷ್ಯ. 'ಅಂಕಿಅಂಶ ಸುಳ್ಳು ಹೇಳಲ್ಲ' ಅನ್ನುವವರು ಅದನ್ನು ಬರೆದವರು ಯಾರು ಅಂತ ಒಮ್ಮೆ ಕೇಳಿದರೆ ಒಳ್ಳೆಯದು.

ಈ ಲೆಕ್ಕದ ಎಲ್ಲ ವಿಚಿತ್ರವೂ ಒಂದೇ ರಾತ್ರಿ ಕಂಡ ಪಂದ್ಯವೊಂದಿದೆ. 1986ರ ಅಕ್ಟೋಬರ್ 25, ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯ, ನ್ಯೂಯಾರ್ಕ್‌ನ ಶೇ ಸ್ಟೇಡಿಯಂ. 1918ರಿಂದ ಕಿರೀಟ ಕಾಣದ ಬಾಸ್ಟನ್ ರೆಡ್ ಸಾಕ್ಸ್ ಹತ್ತನೇ ಇನಿಂಗ್ಸ್‌ನಲ್ಲಿ 5-3 ಮುಂದಿತ್ತು. ನ್ಯೂಯಾರ್ಕ್ ಮೆಟ್ಸ್‌ನ ಇಬ್ಬರು ಔಟ್. ಬೇಸ್‌ಗಳು ಖಾಲಿ. ಇನ್ನೊಂದು ಔಟ್ ಸಿಕ್ಕರೆ ಸಾಕು. ಇಂಥ ಸ್ಥಿತಿಯಿಂದ ಒಂದು ತಂಡಕ್ಕೆ ಬರೋ ಸರಾಸರಿ ರನ್ ಸುಮಾರು 0.1 ಅಷ್ಟೇ.

ಪಿಚರ್ ಕ್ಯಾಲ್ವಿನ್ ಶಿರಾಲ್ಡಿ. ಗ್ಯಾರಿ ಕಾರ್ಟರ್ ಒಂದು ಸಿಂಗಲ್ ಹೊಡೆದ, ಕೆವಿನ್ ಮಿಚೆಲ್ ಇನ್ನೊಂದು. ರೇ ನೈಟ್ ಎರಡು ಸ್ಟ್ರೈಕ್ ಆದ ಮೇಲೆ ಮತ್ತೊಂದು. 5-4. ಶಿರಾಲ್ಡಿಯನ್ನು ತೆಗೆದು ಬಾಬ್ ಸ್ಟ್ಯಾನ್ಲಿಯನ್ನು ಇಳಿಸಿದರು. ಸ್ಟ್ಯಾನ್ಲಿಯ ಒಂದು ಎಸೆತ ಕ್ಯಾಚರ್‌ಗೆ ಸಿಗದೆ ಹಿಂದಕ್ಕೆ ಹೋಯಿತು, ಮಿಚೆಲ್ ಓಡಿಬಂದ, 5-5. ಆಮೇಲೆ ಮೂಕಿ ವಿಲ್ಸನ್ ಹೊಡೆದ ಚೆಂಡು ನೆಲದ ಮೇಲೆ ಪುಟಿಯುತ್ತಾ ಮೊದಲ ಬೇಸ್‌ನ ಬಿಲ್ ಬಕ್ನರ್ ಕಾಲ ಸಂದಿಯಲ್ಲಿ ನುಸುಳಿತು. ನೈಟ್ ಮನೆ ಸೇರಿದ, 6-5.

ಈಗ ಲೆಕ್ಕ ನೋಡಿ. ಸಮಬಲದ ರನ್ ಬಂದಿದ್ದು ಸ್ಟ್ಯಾನ್ಲಿಯ ಎಸೆತದಿಂದ. ಆದರೆ ಮಿಚೆಲ್‌ನನ್ನು ಬೇಸ್‌ಗೆ ಬಿಟ್ಟಿದ್ದು ಶಿರಾಲ್ಡಿ, ಹಾಗಾಗಿ ಆ ರನ್ ಅವನ ತಲೆಗೆ, ಅದೂ ಅರ್ನ್ಡ್. ನೈಟ್ ರನ್ ಕೂಡ ಅವನದೇ, ಆದರೆ ಎರರ್‌ನಿಂದ ಬಂದಿದ್ದರಿಂದ ಅನ್‌ಅರ್ನ್ಡ್. ಸೋಲು ದಾಖಲಾಗಿದ್ದೂ ಶಿರಾಲ್ಡಿ ಹೆಸರಲ್ಲೇ. ಸ್ಟ್ಯಾನ್ಲಿ ಕೊಟ್ಟ ರನ್? ಸೊನ್ನೆ. ಪುಸ್ತಕದ ಪ್ರಕಾರ ಅವನ ಇಆರ್‌ಎಗೆ ಆ ರಾತ್ರಿ ಏನೂ ಆಗಿಲ್ಲ.

ಜನರ ಲೆಕ್ಕವೇ ಬೇರೆ. ಅವರು ಹಿಡಿದಿದ್ದು ಬಕ್ನರ್‌ನನ್ನು. ಚೆಂಡು ಅವನತ್ತ ಬರೋ ಹೊತ್ತಿಗೆ ಮುನ್ನಡೆ ಆಗಲೇ ಕರಗಿತ್ತು. ಅವನು ಹಿಡಿದು ಔಟ್ ಮಾಡಿದ್ದರೂ ಪಂದ್ಯ ಹನ್ನೊಂದನೇ ಇನಿಂಗ್ಸ್‌ಗೆ ಹೋಗುತ್ತಿತ್ತು, ಅಷ್ಟೇ. ಸೀರೀಸ್ ಕೂಡ ಅಲ್ಲಿಗೆ ಮುಗಿದಿರಲಿಲ್ಲ. ಏಳನೇ ಪಂದ್ಯವನ್ನು ಬಾಸ್ಟನ್ 8-5ರಿಂದ ಸೋತಿತು. ಆದರೂ ವರ್ಷಗಟ್ಟಲೆ ಶಾಪ ತಿಂದಿದ್ದು ಬಕ್ನರ್ ಒಬ್ಬನೇ.

ಎರಡು ಔಟ್ ಆದ ಮೇಲೆ ಪದೇಪದೇ ರನ್ ಕೊಡುವ ಪಿಚರ್ ಬಗ್ಗೆ 'ಇವನಿಗೆ ಗುಂಡಿಗೆ ಇಲ್ಲ, ಮುಗಿಸೋಕೆ ಬರಲ್ಲ' ಅನ್ನೋ ಮಾತು ಕೇಳಿರ್ತೀರಿ. ನಾನು ಇದನ್ನು ನಂಬಲ್ಲ. ಪೂರ್ತಿ ಸೀಸನ್ ಆಡುವ ಆರಂಭಿಕ ಪಿಚರ್ ಸುಮಾರು 700 ಬ್ಯಾಟರ್‌ಗಳನ್ನು ಎದುರಿಸುತ್ತಾನೆ. ಅದರಲ್ಲಿ ಎರಡು ಔಟ್ ಆಗಿರೋದು ಹೆಚ್ಚುಕಡಿಮೆ ಮೂರರಲ್ಲೊಂದು ಸಲ, ಜೊತೆಗೆ ಎರಡನೇ ಅಥವಾ ಮೂರನೇ ಬೇಸ್‌ನಲ್ಲಿ ಓಟಗಾರನೂ ಇರೋದು ಇನ್ನೂ ಅಪರೂಪ. ಅಷ್ಟು ಚಿಕ್ಕ ಲೆಕ್ಕದಲ್ಲಿ ಐದಾರು ಹಿಟ್ ಅತ್ತಿತ್ತ ಆದರೆ ಹೇಡಿ ಶೂರನಾಗ್ತಾನೆ. ಮೂರು ಸಿಂಗಲ್ ಮೂರು ಇನಿಂಗ್ಸ್‌ನಲ್ಲಿ ಹಂಚಿಹೋದರೆ ಬಹುಮಟ್ಟಿಗೆ ರನ್ನೇ ಇಲ್ಲ. ಶಿರಾಲ್ಡಿಗೆ ಆದಂತೆ ಒಂದರ ಹಿಂದೊಂದು ಬಂದರೆ ದುರಂತ. ಜೊತೆಗೆ ಎರಡು ಔಟ್ ಆದ ಮೇಲೆ ಬ್ಯಾಟಿಗೆ ಚೆಂಡು ತಾಗಿದ ತಕ್ಷಣ ಓಟಗಾರರು ಕಣ್ಣು ಮುಚ್ಚಿ ಓಡ್ತಾರೆ. ಹಿಂದೆ ಮುಂದೆ ನೋಡೋ ಅಗತ್ಯವೇ ಇಲ್ಲ. ಹಾಗಾಗಿ ಎರಡನೇ ಬೇಸ್‌ನಲ್ಲಿದ್ದವನು ಒಂದು ಸಿಂಗಲ್‌ಗೇ ಮನೆ ಸೇರೋ ಸಾಧ್ಯತೆ ಹೆಚ್ಚು.

2001ರಲ್ಲಿ ವೊರೋಸ್ ಮೆಕ್‌ಕ್ರ್ಯಾಕೆನ್ ಎಂಬ ಹವ್ಯಾಸಿ ವಿಶ್ಲೇಷಕ ಇನ್ನೂ ಮುಂದೆ ಹೋದರು. ಮೈದಾನದೊಳಗೆ ಬಿದ್ದ ಚೆಂಡು ಹಿಟ್ ಆಗುತ್ತೋ ಔಟ್ ಆಗುತ್ತೋ ಅನ್ನೋದರ ಮೇಲೆ ಪಿಚರ್‌ಗಿರುವ ಹಿಡಿತ ನಾವಂದುಕೊಂಡದ್ದಕ್ಕಿಂತ ಬಹಳ ಕಡಿಮೆ ಎಂದರು. ಆಮೇಲೆ ಬಂದ ಎಫ್‌ಐಪಿ ಅನ್ನೋ ಅಳತೆ ಸ್ಟ್ರೈಕ್‌ಔಟ್, ವಾಕ್, ಮೈಗೆ ತಾಗಿದ ಎಸೆತ, ಹೋಮ್ ರನ್ ಇಷ್ಟನ್ನೇ ನೋಡುತ್ತೆ. ಎಷ್ಟು ಔಟ್ ಆಗಿತ್ತು ಅಂತ ಅದು ಕೇಳೋದೇ ಇಲ್ಲ.

ಬಕ್ನರ್ 2008ರಲ್ಲಿ ಬಾಸ್ಟನ್‌ನ ಫೆನ್‌ವೇ ಪಾರ್ಕ್‌ಗೆ ಬಂದು ತವರಿನ ಮೊದಲ ಪಂದ್ಯಕ್ಕೆ ಚೆಂಡೆಸೆದಾಗ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ರೆಡ್ ಸಾಕ್ಸ್ 2004 ಮತ್ತು 2007ರಲ್ಲಿ ಗೆದ್ದಾಗಿತ್ತು.