ಮಾಹಿತಿ ವ್ಯವಸ್ಥೆಗಳ ಸಂಶೋಧನೆ ಮತ್ತು ಬೋಧನೆಯಲ್ಲಿ ಪ್ರಕರಣ ಅಧ್ಯಯನ

ಪ್ರಕರಣ ಅಧ್ಯಯನ ಎಂಬುದು ಒಂದು ಸಂಸ್ಥೆಯಲ್ಲಿ ನಿಜವಾಗಿ ನಡೆದ ವಿದ್ಯಮಾನವೊಂದನ್ನು, ಅದು ನಡೆದ ಪರಿಸರದಿಂದ ಬೇರ್ಪಡಿಸದೆ, ಹಲವು ಮೂಲಗಳ ಆಧಾರದಿಂದ ಕೂಲಂಕಷವಾಗಿ ಪರಿಶೀಲಿಸುವ ವಿಧಾನವಾಗಿದೆ. ವಾಡಿಕೆಯಲ್ಲಿ ಕೇಸ್ ಸ್ಟಡಿ ಎಂದೇ ಪರಿಚಿತವಾಗಿರುವ ಈ ವಿಧಾನವನ್ನು ಮಾಹಿತಿ ವ್ಯವಸ್ಥೆಗಳ ಅಧ್ಯಯನ ಶಾಖೆಯು ಎರಡು ಉದ್ದೇಶಗಳಿಗೆ ಬಳಸುತ್ತದೆ. ಸಂಶೋಧನಾ ಪ್ರಕರಣವು ಒಂದು ಸಿದ್ಧಾಂತವನ್ನು ಕಟ್ಟಲು ಅಥವಾ ಪರೀಕ್ಷಿಸಲು ನೆರವಾಗುತ್ತದೆ. ಬೋಧನಾ ಪ್ರಕರಣವು ಕಂಪನಿಯೊಂದರ ಇಕ್ಕಟ್ಟನ್ನು ವಿದ್ಯಾರ್ಥಿಗಳ ಮುಂದಿಟ್ಟು ಅವರಿಂದ ನಿರ್ಧಾರವನ್ನು ಬೇಡುತ್ತದೆ. ಹೆಸರು ಒಂದೇ ಆದುದರಿಂದ ಇವೆರಡನ್ನೂ ಒಂದೇ ಎಂದು ಭಾವಿಸುವುದು ವಿದ್ಯಾರ್ಥಿಗಳಲ್ಲಿ ಸಾಮಾನ್ಯ. ಆದರೆ ಇವುಗಳ ಬರವಣಿಗೆಯ ನಿಯಮಗಳೂ ಮೌಲ್ಯಮಾಪನದ ಅಳತೆಗಳೂ ಬೇರೆ ಬೇರೆ.

ಮಾಹಿತಿ ವ್ಯವಸ್ಥೆ ಎಂದರೆ ಕೇವಲ ಕಂಪ್ಯೂಟರ್ ಮತ್ತು ತಂತ್ರಾಂಶಗಳಲ್ಲ. ಅದನ್ನು ಬಳಸುವ ಜನ, ಅವರ ಕೆಲಸದ ಪದ್ಧತಿ, ಸಂಸ್ಥೆಯ ಅಧಿಕಾರ ಶ್ರೇಣಿ ಇವೆಲ್ಲವೂ ಅದರ ಭಾಗಗಳೇ. ಒಂದೇ ತಂತ್ರಾಂಶವು ಒಂದು ಕಂಪನಿಯಲ್ಲಿ ಯಶಸ್ವಿಯಾಗಿ ಇನ್ನೊಂದರಲ್ಲಿ ಮುಗ್ಗರಿಸುವುದುಂಟು. ಇದಕ್ಕೆ ಕಾರಣವನ್ನು ಪ್ರಯೋಗಾಲಯದಲ್ಲಿ ಹುಡುಕುವುದು ಕಷ್ಟ, ಪ್ರಶ್ನಾವಳಿ ಹಂಚಿ ತಿಳಿಯುವುದೂ ಕಷ್ಟ. ಪ್ರಕರಣ ಅಧ್ಯಯನವು ಈ ಶಾಖೆಯಲ್ಲಿ ಬೇರೂರಿದ್ದು ಈ ಕಾರಣದಿಂದಲೇ.

ಹಿನ್ನೆಲೆ

ಪ್ರಕರಣಗಳ ಮೂಲಕ ಕಲಿಸುವ ಕ್ರಮವು ಮೊದಲು ಕಾನೂನು ಶಿಕ್ಷಣದಲ್ಲಿ ನೆಲೆಗೊಂಡಿತು. 1870ರಲ್ಲಿ ಹಾರ್ವರ್ಡ್ ಕಾನೂನು ಶಾಲೆಯ ಡೀನ್ ಆದ ಕ್ರಿಸ್ಟೋಫರ್ ಕೊಲಂಬಸ್ ಲ್ಯಾಂಗ್‌ಡೆಲ್, ನ್ಯಾಯಾಲಯಗಳ ತೀರ್ಪುಗಳನ್ನೇ ಪಠ್ಯವಾಗಿಸಿದರು. 1908ರಲ್ಲಿ ಸ್ಥಾಪನೆಯಾದ ಹಾರ್ವರ್ಡ್ ಬಿಸಿನೆಸ್ ಸ್ಕೂಲ್‌ಗೆ 1919ರಲ್ಲಿ ಡೀನ್ ಆಗಿ ಬಂದ ವ್ಯಾಲೇಸ್ ಡಾನ್‌ಹ್ಯಾಮ್ ಸ್ವತಃ ಕಾನೂನು ಓದಿದವರಾಗಿದ್ದು, ಅದೇ ಕ್ರಮವನ್ನು ವ್ಯವಹಾರ ಶಿಕ್ಷಣಕ್ಕೆ ತಂದರು. ವ್ಯವಹಾರದಲ್ಲಿ ತೀರ್ಪುಗಳಿರುವುದಿಲ್ಲವಾದ್ದರಿಂದ ಕಂಪನಿಗಳಿಗೆ ಹೋಗಿ ಪ್ರಕರಣಗಳನ್ನು ಬರೆದು ತರಬೇಕಾಯಿತು. ಭಾರತದಲ್ಲಿ ಈ ಪದ್ಧತಿಯು 1961ರಲ್ಲಿ ಆರಂಭವಾದ ಅಹಮದಾಬಾದಿನ ಭಾರತೀಯ ಪ್ರಬಂಧನ ಸಂಸ್ಥೆಗೆ ಹಾರ್ವರ್ಡ್ ನೀಡಿದ ಸಹಯೋಗದ ಮೂಲಕ ನೆಲೆಗೊಂಡಿತು.

ಸಂಶೋಧನೆಯಲ್ಲಿ ಮಾನ್ಯತೆ ದೊರಕಿದ್ದು ಬಹಳ ತಡವಾಗಿ. ರಾಬರ್ಟ್ ಯಿನ್ ಅವರ ಕೈಪಿಡಿ 1984ರಲ್ಲಿ ಪ್ರಕಟವಾಯಿತು. 1987ರಲ್ಲಿ ಇಜಾಕ್ ಬೆನ್‌ಬಸಾತ್, ಡೇವಿಡ್ ಗೋಲ್ಡ್‌ಸ್ಟೀನ್ ಮತ್ತು ಮೆಲಿಸಾ ಮೀಡ್ ಅವರು ಎಂಐಎಸ್ ಕ್ವಾರ್ಟರ್ಲಿ ನಿಯತಕಾಲಿಕೆಯಲ್ಲಿ ಪ್ರಕಟಿಸಿದ ಲೇಖನವು ಈ ವಿಧಾನವನ್ನು ಮಾಹಿತಿ ವ್ಯವಸ್ಥೆಗಳ ಸಂಶೋಧಕರಿಗೆ ನೇರವಾಗಿ ಶಿಫಾರಸು ಮಾಡಿತು. ಆದರೂ ವಾಂಡಾ ಆರ್ಲಿಕೌಸ್ಕಿ ಮತ್ತು ಜ್ಯಾಕ್ ಬರೂಡಿ 1991ರಲ್ಲಿ 155 ಸಂಶೋಧನಾ ಲೇಖನಗಳನ್ನು ಪರಿಶೀಲಿಸಿದಾಗ, ಸಮೀಕ್ಷೆ ಮತ್ತು ಪ್ರಯೋಗಗಳೇ ಮುಂದಿದ್ದು ಪ್ರಕರಣ ಅಧ್ಯಯನಗಳು ಹಿಂದೆ ಉಳಿದಿದ್ದವು.

ಸಂಶೋಧನಾ ಪ್ರಕರಣ: ಒಂದು ಉದಾಹರಣೆ

ಒಂದೇ ಕಂಪನಿಯನ್ನು ನೋಡಿ ಏನನ್ನು ತಿಳಿಯಲು ಸಾಧ್ಯ ಎಂಬ ಪ್ರಶ್ನೆಗೆ ಲಿನ್ ಮಾರ್ಕಸ್ ಅವರ 1983ರ ಅಧ್ಯಯನವು ಇಂದಿಗೂ ಒಳ್ಳೆಯ ಉತ್ತರವಾಗಿದೆ. ಗೋಲ್ಡನ್ ಟ್ರಯಾಂಗಲ್ ಕಾರ್ಪೊರೇಷನ್ ಎಂಬ ಮಾರುಹೆಸರಿನಿಂದ ಕರೆಯಲಾದ ಒಂದು ದೊಡ್ಡ ರಾಸಾಯನಿಕ ಕಂಪನಿಯು ತನ್ನ ಎಲ್ಲ ವಿಭಾಗಗಳ ಹಣಕಾಸಿನ ಲೆಕ್ಕವನ್ನು ಒಂದೇ ಕಂಪ್ಯೂಟರ್ ವ್ಯವಸ್ಥೆಗೆ ತಂದಿತು. ಕೇಂದ್ರ ಕಚೇರಿಯ ಲೆಕ್ಕಾಧಿಕಾರಿಗಳು ಅದನ್ನು ಸ್ವಾಗತಿಸಿದರು. ವಿಭಾಗಗಳ ಲೆಕ್ಕಾಧಿಕಾರಿಗಳು ವಿರೋಧಿಸಿದರು. ಹೊಸ ವ್ಯವಸ್ಥೆ ಬಂದ ನಂತರವೂ ಕೈಬರಹದ ಹಳೆಯ ಲೆಕ್ಕದ ಪುಸ್ತಕಗಳನ್ನು ಕೈಬಿಡಲಿಲ್ಲ.

ವಿರೋಧಕ್ಕೆ ಮೂರು ವಿವರಣೆಗಳು ಸಾಧ್ಯವಿದ್ದವು. ಮೊದಲನೆಯದು, ದೋಷ ಜನರಲ್ಲಿದೆ: ಅವರು ಸ್ವಭಾವತಃ ಬದಲಾವಣೆಗೆ ಒಗ್ಗದವರು. ಎರಡನೆಯದು, ದೋಷ ವ್ಯವಸ್ಥೆಯಲ್ಲಿದೆ: ತಾಂತ್ರಿಕವಾಗಿ ಅದು ಸರಿಯಿಲ್ಲ. ಮೂರನೆಯದು, ವ್ಯವಸ್ಥೆ ಮತ್ತು ಸಂಸ್ಥೆಯ ಅಧಿಕಾರ ಹಂಚಿಕೆ ಪರಸ್ಪರ ಘರ್ಷಿಸಿವೆ. ಮೊದಲ ವಿವರಣೆ ನಿಜವಾದರೆ ಜನರನ್ನು ಬದಲಾಯಿಸಿದಾಗ ವಿರೋಧ ನಿಲ್ಲಬೇಕು, ಎರಡನೆಯದು ನಿಜವಾದರೆ ತಾಂತ್ರಿಕ ದೋಷ ಸರಿಪಡಿಸಿದಾಗ ನಿಲ್ಲಬೇಕು. ಕಂಪನಿಯಲ್ಲಿ ಎರಡೂ ನಡೆದವು, ವಿರೋಧ ಮಾತ್ರ ನಿಲ್ಲಲಿಲ್ಲ. ಕೇಂದ್ರ ಕಚೇರಿಯಿಂದ ವಿಭಾಗಕ್ಕೆ ವರ್ಗವಾದ ವ್ಯಕ್ತಿಯೇ ಅಲ್ಲಿ ಹೋದ ಮೇಲೆ ವಿರೋಧಿಗಳ ಸಾಲಿಗೆ ಸೇರಿದ್ದನು. ಹಿಂದೆ ವಿಭಾಗದವರು ತಮ್ಮ ಲೆಕ್ಕವನ್ನು ತಾವೇ ಇಟ್ಟುಕೊಂಡು ಸಾರಾಂಶವನ್ನಷ್ಟೇ ಮೇಲಕ್ಕೆ ಕಳುಹಿಸುತ್ತಿದ್ದರು. ಹೊಸ ವ್ಯವಸ್ಥೆಯಿಂದ ಕೇಂದ್ರದವರು ಅವರನ್ನು ಕೇಳದೆಯೇ ಒಳಗಿನ ಅಂಕಿಅಂಶಗಳನ್ನು ನೋಡಬಹುದಾಯಿತು. ವಿರೋಧದ ಬೇರು ಇದ್ದುದು ಕುರ್ಚಿಯಲ್ಲಿ, ಕುಳಿತವರಲ್ಲಿ ಅಲ್ಲ.

ಆಲನ್ ಲೀ 1989ರಲ್ಲಿ ಇದೇ ಪ್ರಕರಣವನ್ನು ಕೈಗೆತ್ತಿಕೊಂಡು, ನೈಸರ್ಗಿಕ ವಿಜ್ಞಾನಗಳು ಬಯಸುವ ತಾರ್ಕಿಕ ಶಿಸ್ತನ್ನು ಒಂದೇ ಪ್ರಕರಣವೂ ಪೂರೈಸಬಲ್ಲದು ಎಂದು ವಾದಿಸಿದರು. ಪ್ರಯೋಗಾಲಯದಲ್ಲಿ ವಿಜ್ಞಾನಿಯು ತಾನಾಗಿ ಏರ್ಪಡಿಸುವ ನಿಯಂತ್ರಣವು ಇಲ್ಲಿ ಸಂದರ್ಭದಿಂದಲೇ ಒದಗಿತ್ತು: ವ್ಯಕ್ತಿ ಅದೇ, ವ್ಯವಸ್ಥೆ ಅದೇ, ಬದಲಾದದ್ದು ಹುದ್ದೆ ಮಾತ್ರ.

ಸಾಮಾನ್ಯೀಕರಣದ ಪ್ರಶ್ನೆ

ಪ್ರಕರಣ ಅಧ್ಯಯನದ ಮೇಲಿನ ಹಳೆಯ ಆಕ್ಷೇಪ, ಒಂದು ಕಂಪನಿಯ ಕಥೆ ಉಳಿದವುಗಳಿಗೆ ಅನ್ವಯಿಸದು ಎಂಬುದು. ಯಿನ್ ಅವರ ಉತ್ತರವೆಂದರೆ, ಸಾಮಾನ್ಯೀಕರಣದಲ್ಲಿ ಎರಡು ಬಗೆಗಳಿವೆ. ಮಾದರಿಯಿಂದ ಜನಸಮೂಹಕ್ಕೆ ಹೋಗುವುದು ಸಂಖ್ಯಾಶಾಸ್ತ್ರೀಯ ಬಗೆ. ಪ್ರಕರಣದಿಂದ ಸಿದ್ಧಾಂತಕ್ಕೆ ಹೋಗುವುದು ವಿಶ್ಲೇಷಣಾತ್ಮಕ ಬಗೆ. ಮಾರ್ಕಸ್ ಅವರ ಅಧ್ಯಯನವು ರಾಸಾಯನಿಕ ಕಂಪನಿಗಳಲ್ಲಿ ಶೇಕಡಾ ಎಷ್ಟು ಲೆಕ್ಕಾಧಿಕಾರಿಗಳು ವಿರೋಧಿಸುತ್ತಾರೆ ಎಂದು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ವಿರೋಧವು ಎಲ್ಲಿ ಹುಟ್ಟುತ್ತದೆ ಎಂಬ ವಿವರಣೆಯನ್ನು ಅದು ಒದಗಿಸುತ್ತದೆ. ಆ ವಿವರಣೆಯನ್ನು ಆಸ್ಪತ್ರೆಯಲ್ಲಿಯೂ ಬ್ಯಾಂಕಿನಲ್ಲಿಯೂ ಪರೀಕ್ಷಿಸಬಹುದು.

ಹಲವು ಪ್ರಕರಣಗಳನ್ನು ಹೋಲಿಸುವುದು ಇನ್ನೊಂದು ದಾರಿ. ಕ್ಯಾಥ್ಲೀನ್ ಐಸೆನ್‌ಹಾರ್ಟ್ 1989ರಲ್ಲಿ ನಾಲ್ಕರಿಂದ ಹತ್ತು ಪ್ರಕರಣಗಳ ಮಿತಿಯನ್ನು ಸೂಚಿಸಿದರು. ಇದಕ್ಕೆ ಪ್ರತಿಯಾಗಿ ವ್ಯಾಖ್ಯಾನಾತ್ಮಕ ಪಂಥದವರು ಸಂಖ್ಯೆಗಿಂತ ಆಳಕ್ಕೆ ಬೆಲೆ ಕೊಡುತ್ತಾರೆ. ಜೆಫ್ ವಾಲ್ಶಮ್ ಈ ಪಂಥದ ಪ್ರಮುಖರು. ಹೈಂಜ್ ಕ್ಲೈನ್ ಮತ್ತು ಮೈಕೆಲ್ ಮೈಯರ್ಸ್ 1999ರಲ್ಲಿ ಇಂತಹ ಅಧ್ಯಯನಗಳಿಗೆ ಏಳು ಸೂತ್ರಗಳನ್ನು ನೀಡಿದರು. ಒಂದೇ ಘಟನೆಗೆ ಭಾಗಿಗಳು ನೀಡುವ ಭಿನ್ನ ವಿವರಣೆಗಳನ್ನು ಉಳಿಸಿಕೊಳ್ಳಬೇಕು, ಹೇಳಿದ್ದನ್ನೆಲ್ಲ ಹೇಳಿದಂತೆಯೇ ನಂಬಬಾರದು ಎಂಬ ಎರಡು ಸೂತ್ರಗಳು ಕಂಪನಿಗಳಿಗೆ ಹೋಗುವ ಸಂಶೋಧಕರಿಗೆ ವಿಶೇಷವಾಗಿ ಉಪಯುಕ್ತ. ಯೋಜನೆಯೊಂದರ ಮುಖ್ಯಸ್ಥರು ಅದರ ಬಗ್ಗೆ ಕೊಡುವ ಚಿತ್ರವೂ ಅದನ್ನು ದಿನವೂ ಬಳಸುವ ಗುಮಾಸ್ತರು ಕೊಡುವ ಚಿತ್ರವೂ ಹೊಂದುವುದು ಅಪರೂಪ.

ತರಗತಿಯಲ್ಲಿ ಪ್ರಕರಣ

ಬೋಧನಾ ಪ್ರಕರಣವು ಸಾಮಾನ್ಯವಾಗಿ ಒಬ್ಬ ಅಧಿಕಾರಿಯ ಮುಂದಿರುವ ನಿರ್ಧಾರದಿಂದ ಆರಂಭವಾಗಿ, ಕಂಪನಿಯ ಹಿನ್ನೆಲೆ, ಅಂಕಿಅಂಶಗಳ ಕೋಷ್ಟಕಗಳನ್ನು ಕೊಟ್ಟು, ನಿರ್ಧಾರವನ್ನು ಹೇಳದೆಯೇ ಮುಗಿಯುತ್ತದೆ. ಮುಂದೇನಾಯಿತು ಎಂಬುದನ್ನು ಪ್ರತ್ಯೇಕ ಭಾಗದಲ್ಲಿ ಚರ್ಚೆಯ ನಂತರ ಕೊಡುವುದುಂಟು. ಅಧ್ಯಾಪಕರಿಗಾಗಿ ಬೇರೆಯೇ ಟಿಪ್ಪಣಿ ಇರುತ್ತದೆ. ಇಲ್ಲಿ ಲೇಖಕನು ತೀರ್ಮಾನ ಕೊಡುವಂತಿಲ್ಲ. ಸಂಶೋಧನಾ ಪ್ರಕರಣದಲ್ಲಿ ಕೊಡದಿದ್ದರೆ ಆಗುವುದಿಲ್ಲ.

ಒಂದು ಪ್ರಕರಣವನ್ನಷ್ಟೇ ಓದಿದ ವಿದ್ಯಾರ್ಥಿ ಅದರಿಂದ ಆತುರದ ಪಾಠ ಕಲಿಯುವ ಅಪಾಯವಿದೆ. ಸಿಸ್ಕೋ ಕಂಪನಿಯ ಪ್ರಕರಣವು ಇದಕ್ಕೆ ನಿದರ್ಶನ. 1994ರ ಜನವರಿಯಲ್ಲಿ ಹಳೆಯ ವ್ಯವಸ್ಥೆ ಕುಸಿದು ಕೆಲಸ ಸ್ಥಗಿತಗೊಂಡ ನಂತರ, ಸಿಸ್ಕೋ ಇಡೀ ಕಂಪನಿಗೆ ಒಂದೇ ಬಾರಿಗೆ ಒರಾಕಲ್ ಇಆರ್‌ಪಿ ತಂತ್ರಾಂಶವನ್ನು ಅಳವಡಿಸಲು ನಿರ್ಧರಿಸಿತು. ಸುಮಾರು ಒಂಬತ್ತು ತಿಂಗಳಲ್ಲಿ, 1.5 ಕೋಟಿ ಡಾಲರ್ ವೆಚ್ಚದಲ್ಲಿ ಕೆಲಸ ಮುಗಿಯಿತು. ಇದಷ್ಟನ್ನೇ ಓದಿದರೆ, ಎಲ್ಲವನ್ನೂ ಒಮ್ಮೆಲೇ ಬದಲಾಯಿಸುವುದೇ ಸರಿಯಾದ ಮಾರ್ಗವೆಂದು ತೋರುತ್ತದೆ.

ಹರ್ಷೀಸ್ ಎಂಬ ಅಮೆರಿಕದ ಚಾಕೊಲೇಟ್ ಕಂಪನಿಯೂ ಅದನ್ನೇ ಮಾಡಿತು. ಎಸ್‌ಎಪಿ, ಸೀಬೆಲ್ ಮತ್ತು ಮ್ಯಾನುಜಿಸ್ಟಿಕ್ಸ್ ಎಂಬ ಮೂರು ತಂತ್ರಾಂಶಗಳನ್ನು ಒಟ್ಟಿಗೆ, ಸುಮಾರು 11.2 ಕೋಟಿ ಡಾಲರ್ ವೆಚ್ಚದಲ್ಲಿ, 1999ರ ಜುಲೈನಲ್ಲಿ ಚಾಲನೆಗೆ ತಂದಿತು. ಅಮೆರಿಕದಲ್ಲಿ ಮಿಠಾಯಿಯ ಮಾರಾಟವು ಅಕ್ಟೋಬರ್ ಕೊನೆಯ ಹ್ಯಾಲೊವೀನ್ ಹಬ್ಬಕ್ಕೆ ಉತ್ತುಂಗ ಮುಟ್ಟುತ್ತದೆ. ಅಂಗಡಿಗಳ ಬೇಡಿಕೆ ಏರುತ್ತಿದ್ದ ಹೊತ್ತಿಗೇ ವ್ಯವಸ್ಥೆ ಬದಲಾಯಿತು. ಉಗ್ರಾಣದಲ್ಲಿ ಸರಕಿದ್ದರೂ ಅಂಗಡಿಗಳಿಗೆ ತಲುಪಲಿಲ್ಲ. ಆ ತ್ರೈಮಾಸಿಕದ ಲಾಭ ಶೇಕಡಾ 19ರಷ್ಟು ಕುಸಿಯಿತು. ಎಸ್‌ಎಪಿ ತಂತ್ರಾಂಶವೇ ಕೆಟ್ಟದ್ದು ಎಂದು ಕೆಲವು ಕಡೆ ಈ ಕಥೆಯನ್ನು ಹೇಳಲಾಗುತ್ತದೆ. ಅದೇ ತಂತ್ರಾಂಶವು ಅದೇ ಕಾಲದಲ್ಲಿ ಬೇರೆ ಅನೇಕ ಕಂಪನಿಗಳಲ್ಲಿ ನಡೆಯುತ್ತಿತ್ತು ಎಂಬುದನ್ನು ನೆನೆದರೆ ಆ ವಿವರಣೆ ನಿಲ್ಲದು. ಎರಡು ಪ್ರಕರಣಗಳನ್ನು ಅಕ್ಕಪಕ್ಕದಲ್ಲಿಟ್ಟಾಗ ಪ್ರಶ್ನೆಗಳು ಬದಲಾಗುತ್ತವೆ: ಯಾವ ಋತುವಿನಲ್ಲಿ, ಎಷ್ಟು ತಂತ್ರಾಂಶಗಳನ್ನು ಒಟ್ಟಿಗೆ, ತೊಂದರೆಯ ವೆಚ್ಚ ಯಾರ ಮೇಲೆ? ಸಿಸ್ಕೋದಲ್ಲಿಯೂ ಆರಂಭದ ವಾರಗಳಲ್ಲಿ ಯಂತ್ರಗಳ ಸಾಮರ್ಥ್ಯ ಸಾಲದೆ ವ್ಯವಸ್ಥೆ ತತ್ತರಿಸಿತ್ತು. ಆದರೆ ಒಪ್ಪಂದವು ಯಂತ್ರಗಳ ಸಂಖ್ಯೆಗೆ ಬದಲಾಗಿ ಸಾಮರ್ಥ್ಯದ ಭರವಸೆಯನ್ನು ಆಧರಿಸಿದ್ದುದರಿಂದ ಹೆಚ್ಚುವರಿ ಯಂತ್ರಗಳ ವೆಚ್ಚವನ್ನು ಪೂರೈಕೆದಾರರೇ ಭರಿಸಬೇಕಾಯಿತು.

ಕರ್ನಾಟಕದ ಪ್ರಕರಣಗಳು

ಬೆಂಗಳೂರಿನ ಇನ್ಫೋಸಿಸ್ ಕಂಪನಿಯ ಜ್ಞಾನ ನಿರ್ವಹಣಾ ವ್ಯವಸ್ಥೆಯನ್ನು ಕುರಿತು ರಘು ಗರೂಡ್ ಮತ್ತು ಅರುಣ್ ಕುಮಾರಸ್ವಾಮಿ ಬರೆದ ಅಧ್ಯಯನವು 2005ರಲ್ಲಿ ಎಂಐಎಸ್ ಕ್ವಾರ್ಟರ್ಲಿಯಲ್ಲಿ ಪ್ರಕಟವಾಯಿತು. ನೌಕರರು ತಮ್ಮ ಅನುಭವವನ್ನು ಒಳಜಾಲದಲ್ಲಿ ಬರೆದಿಡಲೆಂದು ಕಂಪನಿಯು ಅಂಕಗಳ ರೂಪದ ಪ್ರೋತ್ಸಾಹಧನವನ್ನು ಜಾರಿಗೆ ತಂದಿತು. ಬರಹಗಳ ಸಂಖ್ಯೆ ಬಹಳವಾಗಿ ಏರಿತು. ಹಾಗೆ ಏರಿದ್ದೇ ತೊಡಕಾಯಿತು: ರಾಶಿಯಲ್ಲಿ ಬೇಕಾದುದನ್ನು ಹುಡುಕುವುದು ಕಷ್ಟವಾಯಿತು, ಗುಣಮಟ್ಟದ ಬಗ್ಗೆ ಸಂಶಯ ಮೂಡಿತು, ಪರಿಶೀಲಕರ ಹೊರೆ ಹೆಚ್ಚಿತು. ಕಂಪನಿಯು ಯೋಜನೆಯನ್ನು ತಿದ್ದಿಕೊಂಡಿತು. ಒಳ್ಳೆಯ ಉದ್ದೇಶದ ಕ್ರಮವು ತನ್ನ ಯಶಸ್ಸಿನಿಂದಲೇ ವಿಷವರ್ತುಲಕ್ಕೆ ತಿರುಗಬಹುದೆಂಬ ಲೇಖಕರ ವಿವರಣೆ ಸಮೀಕ್ಷೆಯಿಂದ ದೊರಕುವಂಥದಲ್ಲ. ವರ್ಷಗಳ ಕಾಲ ನಡೆದುದನ್ನು ಹಿಂಬಾಲಿಸಿದವರಿಗೆ ಮಾತ್ರ ಅದು ಕಂಡೀತು.

ಭೂಮಿ ಯೋಜನೆಯು ಕಂಪನಿಯದಲ್ಲ, ಸರ್ಕಾರದ್ದು. ಆದರೂ ಪ್ರಕರಣವೊಂದನ್ನು ಓದುವ ಬಗೆಯನ್ನು ಕಲಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಕನ್ನಡದ ಓದುಗರಿಗೆ ಸಿಗಲಾರದು. ಕಂದಾಯ ಇಲಾಖೆಯು 2000ದ ದಶಕದ ಆರಂಭದಲ್ಲಿ ಸುಮಾರು 67 ಲಕ್ಷ ಭೂಹಿಡುವಳಿದಾರರ 2 ಕೋಟಿಯಷ್ಟು ದಾಖಲೆಗಳನ್ನು ಗಣಕೀಕರಿಸಿತು. ಗ್ರಾಮ ಲೆಕ್ಕಿಗರ ಬಳಿ ಇರುತ್ತಿದ್ದ ಕೈಬರಹದ ಪಹಣಿಯ ಬದಲಿಗೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಮುದ್ರಿತ ಪಹಣಿ ದೊರಕತೊಡಗಿತು. ಅಹಮದಾಬಾದಿನ ಪ್ರಾಧ್ಯಾಪಕ ಸುಭಾಷ್ ಭಟ್ನಾಗರ್ ಮತ್ತು ಯೋಜನೆಯ ನೇತೃತ್ವ ವಹಿಸಿದ್ದ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಬರೆದ ಪ್ರಕರಣವು ಇದನ್ನು ಅಲೆದಾಟ ಮತ್ತು ಲಂಚ ತಗ್ಗಿಸಿದ ಯಶಸ್ಸೆಂದು ವಿವರಿಸಿತು. 2007ರಲ್ಲಿ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಅದೇ ಯೋಜನೆಯನ್ನು ಬೆಂಗಳೂರಿನ ಹೊರವಲಯದಿಂದ ನೋಡಿ, ಲಂಚ ಮತ್ತು ವಿಳಂಬಗಳು ಹೆಚ್ಚಿದವೆಂದೂ, ದಾಖಲೆಗಳು ಒಂದೆಡೆ ಸೇರಿದ್ದರಿಂದ ದೊಡ್ಡ ಭೂವ್ಯವಹಾರಸ್ಥರಿಗೆ ಜಮೀನು ಪಡೆಯುವುದು ಸುಲಭವಾಯಿತೆಂದೂ ವಾದಿಸಿದರು.

ಎರಡರಲ್ಲಿ ಒಂದು ಸುಳ್ಳಾಗಿರಲೇಬೇಕೆಂದೇನೂ ಇಲ್ಲ. ಮೊದಲನೆಯದು ಪಹಣಿಯ ನಕಲು ಪಡೆಯಲು ಬಂದ ರೈತನನ್ನು ಮುಖ್ಯವಾಗಿ ಗಮನಿಸುತ್ತದೆ. ಎರಡನೆಯದು ಜಮೀನಿನ ಹಕ್ಕು ಯಾರ ಕೈಗೆ ದಾಟುತ್ತದೆ ಎಂಬುದನ್ನು ಗಮನಿಸುತ್ತದೆ. ಎಲ್ಲಿ ನಿಂತು, ಯಾರನ್ನು ಕೇಳಿ ಬರೆಯಲಾಗಿದೆ ಎಂಬುದನ್ನು ತಿಳಿಯದೆ ಎರಡರಲ್ಲಿ ಯಾವುದನ್ನೂ ಬಳಸುವುದು ತರವಲ್ಲ. ತಾವೇ ನಡೆಸಿದ ಯೋಜನೆಯನ್ನು ಕುರಿತು ಬರೆಯುವವರಿಗೆ ಒಳಗಿನ ಮಾಹಿತಿ ಧಾರಾಳವಾಗಿ ಸಿಗುತ್ತದೆ, ದೂರ ನಿಂತು ನೋಡುವ ಅವಕಾಶ ಸಿಗುವುದಿಲ್ಲ.

ಅನುಮತಿ ಮತ್ತು ಮಾರುಹೆಸರು

ಕಂಪನಿಯ ಹೆಸರಿನಲ್ಲಿ ಪ್ರಕಟವಾಗುವ ಬೋಧನಾ ಪ್ರಕರಣಕ್ಕೆ ಸಾಮಾನ್ಯವಾಗಿ ಆ ಕಂಪನಿಯ ಲಿಖಿತ ಒಪ್ಪಿಗೆ ಬೇಕು. ತನ್ನ ಸೋಲನ್ನು ಹೇಳುವ ಬರಹಕ್ಕೆ ಒಪ್ಪಿಗೆ ಕೊಡುವ ಕಂಪನಿಗಳು ಕಡಿಮೆ. ಹೀಗಾಗಿ ಪ್ರಕರಣ ಸಂಗ್ರಹಗಳಲ್ಲಿ ಯಶಸ್ಸಿನ ಕಥೆಗಳ ತೂಕ ಹೆಚ್ಚಾಗಿರುವುದು ಸಹಜ. ಸಾರ್ವಜನಿಕ ಸಂಸ್ಥೆಗಳ ಸೋಲುಗಳು ಮಾತ್ರ ವಿವರವಾಗಿ ದಾಖಲಾಗಿವೆ. 1992ರ ಅಕ್ಟೋಬರ್ 26ರಂದು ಕುಸಿದ ಲಂಡನ್ ಆಂಬ್ಯುಲೆನ್ಸ್ ಸೇವೆಯ ಕಂಪ್ಯೂಟರ್ ವ್ಯವಸ್ಥೆಯನ್ನು ಕುರಿತ ವಿಚಾರಣಾ ವರದಿ ಮರುವರ್ಷವೇ ಪ್ರಕಟವಾಯಿತು. ಸ್ವಯಂಚಾಲಿತ ಸಾಮಾನು ಸಾಗಣೆಯ ತೊಡಕಿನಿಂದ ತೆರೆಯುವುದೇ ಹದಿನಾರು ತಿಂಗಳು ತಡವಾದ ಡೆನ್ವರ್ ವಿಮಾನ ನಿಲ್ದಾಣವೂ ನಗರಾಡಳಿತದ್ದೇ. ಖಾಸಗಿ ಕಂಪನಿಯೊಳಗಿನ ಇಂತಹ ಕುಸಿತ ಎಷ್ಟೋ ವೇಳೆ ಹೊರಗೆ ಬಾರದೆ ಉಳಿಯುತ್ತದೆ.

ಸಂಶೋಧಕರು ಇದಕ್ಕೆ ಕಂಡುಕೊಂಡ ದಾರಿ ಮಾರುಹೆಸರು. ಲೋಟಸ್ ನೋಟ್ಸ್ ತಂತ್ರಾಂಶವನ್ನು ಸಲಹಾ ಸಂಸ್ಥೆಯೊಂದು ಬಳಸಿದ ಬಗೆಯನ್ನು ಆರ್ಲಿಕೌಸ್ಕಿ 1992ರಲ್ಲಿ ಬರೆದಾಗ ಅದನ್ನು ಆಲ್ಫಾ ಎಂದಷ್ಟೇ ಕರೆದರು. ಪರಸ್ಪರ ಪೈಪೋಟಿಯಲ್ಲಿ ಬಡ್ತಿ ಪಡೆಯಬೇಕಾದ ನೌಕರರು ತಮ್ಮ ತಿಳಿವಳಿಕೆಯನ್ನು ಹಂಚಿಕೊಳ್ಳಲು ಹಿಂಜರಿದರು ಎಂಬ ಅವರ ಕಾಣ್ಕೆಯು ಹೆಸರಿನೊಡನೆ ಪ್ರಕಟವಾಗುವುದು ಕಷ್ಟವಿತ್ತು. ಮಾರುಹೆಸರು ಸಂಸ್ಥೆಯನ್ನೂ ಅದರೊಳಗೆ ಮಾತನಾಡಿದ ನೌಕರರನ್ನೂ ಕಾಪಾಡುತ್ತದೆ. ಆದರೆ ಬೇರೊಬ್ಬ ಸಂಶೋಧಕನು ಅದೇ ಸಂಸ್ಥೆಗೆ ಹೋಗಿ ಬರೆದುದು ನಿಜವೇ ಎಂದು ಪರೀಕ್ಷಿಸಲಾರದಂತೆಯೂ ಮಾಡುತ್ತದೆ. ಆದ್ದರಿಂದಲೇ ವಿಮರ್ಶಕರು ಇಂತಹ ಲೇಖನಗಳಲ್ಲಿ ಸಂದರ್ಶನಗಳ ಸಂಖ್ಯೆ, ಅವಧಿ, ನೋಡಿದ ದಾಖಲೆಗಳ ಬಗೆ, ಪರಸ್ಪರ ವಿರುದ್ಧವಾದ ಹೇಳಿಕೆಗಳನ್ನು ಹೇಗೆ ತೂಗಲಾಯಿತು ಎಂಬ ವಿವರಗಳನ್ನು ಕಡ್ಡಾಯವಾಗಿ ಕೇಳುತ್ತಾರೆ.